ಹತ್ತು ಇಲಿಗಳನ್ನು ಕೊಂದು ಬಾ: ಆನ್‌ಲೈನ್ ಆಟಗಳಲ್ಲಿ ಬೇಸರದ ಚರಿತ್ರೆ

ಆಟವಿರುವುದು ಬೇಸರ ಕಳೆಯುವುದಕ್ಕೆ ಎಂಬುದು ಸಾಮಾನ್ಯ ತಿಳುವಳಿಕೆ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಬೆಳೆದುಬಂದ ಒಂದು ಬಗೆಯ ಆಟದಲ್ಲಿ ಬೇಸರವೇ ವ್ಯಾಪಾರದ ಬಂಡವಾಳವಾಗಿದೆ. ರೋಲ್ ಪ್ಲೇಯಿಂಗ್ ಗೇಮ್ ಎಂದು ಕರೆಯಲಾಗುವ ಈ ಆಟದಲ್ಲಿ ಆಟಗಾರನು ಯೋಧನದೋ ಮಾಂತ್ರಿಕನದೋ ಬಿಲ್ಲುಗಾರನದೋ ಪಾತ್ರ ಧರಿಸಿ, ಅಂತರ್ಜಾಲದ ಮೂಲಕ ಸಾವಿರಾರು ಜನರೊಂದಿಗೆ ಒಂದು ಕಾಲ್ಪನಿಕ ನಾಡಿನಲ್ಲಿ ಅಲೆದಾಡುತ್ತಾನೆ. ಆ ನಾಡಿಗೆ ಕಾಲಿಟ್ಟ ಹೊಸಬನಿಗೆ ಯಾರೋ ಒಬ್ಬ ಗ್ರಾಮಸ್ಥ ಎದುರಾಗಿ, "ಕಣಜದಲ್ಲಿ ಇಲಿಗಳ ಕಾಟ, ಹತ್ತನ್ನು ಕೊಂದು ಬಾ" ಎನ್ನುತ್ತಾನೆ. ಕೊಂದು ಬಂದರೆ ಹತ್ತು ತೋಳಗಳು, ಅದೂ ಮುಗಿದರೆ ಹತ್ತು ಕರಡಿಗಳು. ಪ್ರಾಣಿಯ ಚಿತ್ರ ಬದಲಾಗುತ್ತದೆ, ಕೆಲಸ ಬದಲಾಗುವುದಿಲ್ಲ. "ಹತ್ತು ಇಲಿ ಕೊಲ್ಲು" ಎಂಬುದು ಆಟಗಾರರ ನಡುವೆ ಗಾದೆಯಂತೆಯೇ ಆಗಿಬಿಟ್ಟಿದೆ. ಇಂತಹ ಆಟಕ್ಕೆ ಅವರೇ ಇಟ್ಟ ಹೆಸರು ಗ್ರೈಂಡಿಂಗ್, ಅಂದರೆ ಬೀಸುವುದು, ಅರೆಯುವುದು. ನಮ್ಮ ಗಾಣದೆತ್ತಿನ ನೆನಪು ತರುವ ಮಾತಿದು.

ಹಣ ಕೊಟ್ಟು ಗಾಣ ಸುತ್ತಲು ಜನ ಏಕೆ ಮುಂದಾಗುತ್ತಾರೆ? ಆಟ ತಯಾರಿಸುವವರಿಗೆ ಕಲ್ಪನೆಯ ಬಡತನ ಎಂದು ಕೆಲವರು, ಯುವಜನರಿಗೆ ಹಿಡಿದ ಚಟ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡರಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ಈ ಆಟಗಳ ಚರಿತ್ರೆಯನ್ನು ನೋಡಿದರೆ ಮೂರನೆಯ ಉತ್ತರವೊಂದು ಕಾಣುತ್ತದೆ. ಮನುಷ್ಯನ ಸಮಯಕ್ಕೆ ಯಾರು, ಹೇಗೆ ಬೆಲೆ ಕಟ್ಟಿದರು ಎಂಬುದೇ ಆಟದ ರೂಪವನ್ನು ನಿರ್ಧರಿಸುತ್ತಾ ಬಂದಿದೆ.

ಮೇಜಿನ ಸುತ್ತ ಹುಟ್ಟಿದ ಆಟ

ಇದರ ಮೂಲ ಕಂಪ್ಯೂಟರಿನಲ್ಲಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ನಾಲ್ಕಾರು ಗೆಳೆಯರು ಮೇಜಿನ ಸುತ್ತ ಕುಳಿತು, ಕಾಗದ, ಪೆನ್ಸಿಲ್ ಮತ್ತು ದಾಳಗಳನ್ನಿಟ್ಟುಕೊಂಡು ಆಡುವ ಆಟ ಅದು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರಧಾರಿಗಳು. ಶತ್ರುವನ್ನು ಸೋಲಿಸಿದರೆ, ನಿಧಿ ಗಳಿಸಿದರೆ ಅನುಭವಾಂಕ ಸಿಗುತ್ತದೆ. ಅಂಕ ಕೂಡಿದಂತೆ ಪಾತ್ರ ಒಂದೊಂದೇ ಮಟ್ಟ ಮೇಲೇರುತ್ತದೆ. ಇಂದಿನ ಎಲ್ಲ ಪಾತ್ರಧಾರಣೆಯ ಆಟಗಳ ಬೆನ್ನೆಲುಬು ಈ ಅಂಕ ಮತ್ತು ಮಟ್ಟಗಳ ಲೆಕ್ಕವೇ.

ಆದರೆ ಅಲ್ಲಿ ಲೆಕ್ಕವಿಡುವವನು ಮನುಷ್ಯನಾಗಿದ್ದ. ಮೇಜಿನ ಸುತ್ತ ಇದ್ದವರು ಆಕಳಿಸತೊಡಗಿದರೆ ಅವನಿಗೆ ಕಾಣುತ್ತಿತ್ತು. ಕಾದಾಟವನ್ನು ಅಲ್ಲಿಗೇ ನಿಲ್ಲಿಸಿ, ಬಾಗಿಲ ಹಿಂದೊಂದು ರಹಸ್ಯವನ್ನಿಟ್ಟು ಕಥೆಯನ್ನು ಬೇರೆಡೆ ಹೊರಳಿಸಬಹುದಿತ್ತು. 1975ರ ಹೊತ್ತಿಗೆ ಇಲಿನಾಯ್ಸ್ ವಿಶ್ವವಿದ್ಯಾನಿಲಯದ ‘ಪ್ಲೇಟೋ’ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಇದೇ ಬಗೆಯ ಆಟಗಳು ಕಾಣಿಸಿಕೊಂಡವು. ಆ ವ್ಯವಸ್ಥೆಯನ್ನು ಕಟ್ಟಿದ್ದು ಪಾಠ ಕಲಿಸಲಿಕ್ಕೆ. ಹಾಗಾಗಿ ಆಟದ ಕಡತಗಳನ್ನು ಅಳಿಸಿಹಾಕುವುದೂ, ಅವು ಮತ್ತೆ ತಲೆಯೆತ್ತುವುದೂ ನಡೆದೇ ಇತ್ತು. ಅಂಕ ಕೂಡಿಸುವ ಕೆಲಸವನ್ನು ಕಂಪ್ಯೂಟರ್ ಮನುಷ್ಯನಿಗಿಂತ ಚೆನ್ನಾಗಿ ಮಾಡಬಲ್ಲುದು. ಆದರೆ ಆಕಳಿಕೆ ಅದಕ್ಕೆ ಕಾಣುವುದಿಲ್ಲ.

ಗಡಿಯಾರಕ್ಕೆ ದರ ಬಿದ್ದಾಗ

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟವನ್ನು ಆರಂಭಿಸಿದರು. ಅದನ್ನು ಪೂರ್ಣಗೊಳಿಸಿದವರು ರಿಚರ್ಡ್ ಬಾರ್ಟಲ್. ಚಿತ್ರಗಳಿಲ್ಲದ, ಬರೀ ಅಕ್ಷರಗಳ ಆಟ ಅದು. ಒಂದೇ ಲೋಕದಲ್ಲಿ ಹಲವರು ಏಕಕಾಲಕ್ಕೆ ಇರಬಹುದು ಎಂಬುದೇ ಅದರ ಹೊಸತನ. ಅಲ್ಲಿ ಪಾಠ ಹೇಳುವ ಪ್ರತ್ಯೇಕ ಏರ್ಪಾಡಿರಲಿಲ್ಲ. ಹೊಸಬ ಹಳಬರನ್ನು ಕೇಳಿ ಕಲಿಯುತ್ತಿದ್ದ, ಇಲ್ಲವೇ ಸೋತು ಕಲಿಯುತ್ತಿದ್ದ.

ವ್ಯಾಪಾರ ಪ್ರವೇಶಿಸಿದ್ದು ಎಂಬತ್ತರ ದಶಕದಲ್ಲಿ. ಅಮೆರಿಕದ ಕಂಪ್ಯೂಸರ್ವ್ ಜಾಲದಲ್ಲಿ 1985ರಲ್ಲಿ ಬಂದ ‘ಐಲ್ಯಾಂಡ್ಸ್ ಆಫ್ ಕೆಸ್ಮಾಯ್’ ಆಟಕ್ಕೆ ನಿಧಾನ ಸಂಪರ್ಕವಾದರೆ ಗಂಟೆಗೆ 6 ಡಾಲರ್, ವೇಗದ ಸಂಪರ್ಕವಾದರೆ 12 ಡಾಲರ್ ತೆರಬೇಕಿತ್ತು. ಆಟದ ಚರಿತ್ರೆಯಲ್ಲಿ ಇದೊಂದು ತಿರುವು. ಆಟಗಾರ ಬೇಗ ಗುರಿ ಮುಟ್ಟಿದರೆ ಅವನಿಗೆ ಸಂತೋಷ, ಮಾರುವವನಿಗೆ ನಷ್ಟ. ಇಬ್ಬರ ಹಿತಾಸಕ್ತಿಗಳು ಬೇರೆ ಬೇರೆ ದಿಕ್ಕಿಗೆ ಹೊರಳಿದ್ದು ಇಲ್ಲಿಂದಲೇ.

ತೊಂಬತ್ತರ ದಶಕದ ಕೊನೆಯಲ್ಲಿ ಗಂಟೆಯ ದರ ಹೋಗಿ ತಿಂಗಳ ಶುಲ್ಕ ಬಂತು. 1997ರಲ್ಲಿ ‘ಅಲ್ಟಿಮಾ ಆನ್‌ಲೈನ್’, 1998ರಲ್ಲಿ ದಕ್ಷಿಣ ಕೊರಿಯದ ‘ಲಿನಿಯೇಜ್’, 1999ರಲ್ಲಿ ‘ಎವರ್‌ಕ್ವೆಸ್ಟ್’ ಬಂದವು. ತಿಂಗಳ ಶುಲ್ಕವಾದಾಗ ಆಟಗಾರ ಮುಂದಿನ ತಿಂಗಳೂ ಇರುವಂತೆ ನೋಡಿಕೊಳ್ಳಬೇಕು. ಆದರೆ ತಯಾರಕರು ತಿಂಗಳುಗಟ್ಟಲೆ ದುಡಿದು ಕಟ್ಟಿದ ಕಾಡನ್ನೂ ಕೋಟೆಯನ್ನೂ ಉತ್ಸಾಹಿ ಆಟಗಾರ ಕೆಲವೇ ದಿನಗಳಲ್ಲಿ ನೋಡಿ ಮುಗಿಸುತ್ತಾನೆ. ದಾರಿಯನ್ನು ಉದ್ದ ಮಾಡುವ ಅತಿ ಅಗ್ಗದ ಉಪಾಯವೆಂದರೆ ಅದೇ ದಾರಿಯಲ್ಲಿ ಮತ್ತೆ ಮತ್ತೆ ನಡೆಸುವುದು. 2001ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ರೂನ್‌ಸ್ಕೇಪ್’ ಆಟದಲ್ಲಿ ಒಂದು ಕಸುಬಿನ 99ನೇ ಮಟ್ಟ ತಲುಪಲು 1,30,34,431 ಅಂಕ ಬೇಕು. 92ನೇ ಮಟ್ಟಕ್ಕೆ ಬಂದವನು ಇನ್ನೇನು ಮುಗಿಯಿತು ಎಂದುಕೊಂಡರೆ ಅದು ತಪ್ಪು. ಅಂಕಗಳ ಲೆಕ್ಕದಲ್ಲಿ ಅವನು ಬಂದಿರುವುದು ಅರ್ಧ ದಾರಿ ಮಾತ್ರ.

‘ಎವರ್‌ಕ್ವೆಸ್ಟ್’ ಈ ವಿಷಯದಲ್ಲಿ ಇನ್ನೂ ಕಠಿಣವಾಗಿತ್ತು. ಸತ್ತರೆ ಗಳಿಸಿದ ಅಂಕಗಳೇ ಕಡಿಮೆಯಾಗುತ್ತಿದ್ದವು. ಅಪರೂಪದ ರಾಕ್ಷಸನೊಬ್ಬ ಪ್ರತ್ಯಕ್ಷನಾಗುವ ಜಾಗದಲ್ಲಿ ಜನ ಗಂಟೆಗಟ್ಟಲೆ ಕಾದು ಕೂರುತ್ತಿದ್ದರು. ಮಾಂತ್ರಿಕನ ಪಾತ್ರದವನು ಖಾಲಿಯಾದ ಶಕ್ತಿಯನ್ನು ಮರಳಿ ಪಡೆಯಲು ಕುಳಿತಾಗ ಮಂತ್ರದ ಪುಸ್ತಕ ತೆರೆದುಕೊಂಡು ಪರದೆಯನ್ನೆಲ್ಲ ಮುಚ್ಚುತ್ತಿತ್ತು. ಆರಂಭದ ಮಟ್ಟಗಳಲ್ಲಿ ಅವನು ಆ ಪುಟಗಳನ್ನೇ ನೋಡುತ್ತಾ ಕೂರಬೇಕಿತ್ತು. ಇಷ್ಟಾದರೂ ಜನ ಬಿಡಲಿಲ್ಲ. ‘ಎವರ್‌ಕ್ರ್ಯಾಕ್’ ಎಂದು ಮಾದಕ ವಸ್ತುವಿನ ಹೆಸರಿಟ್ಟು ಗೇಲಿ ಮಾಡುತ್ತಲೇ ಆಡಿದರು. ಬಹುಮಾನ ಪ್ರತಿ ಸಲವೂ ಸಿಗುವುದಕ್ಕಿಂತ ಯಾವಾಗಲೋ ಒಮ್ಮೆ, ಹೇಳದೆ ಕೇಳದೆ ಸಿಗುವಂತಿದ್ದರೆ ಜೀವಿ ಆ ಕೆಲಸವನ್ನು ಬಿಡದೆ ಮಾಡುತ್ತದೆ ಎಂಬುದನ್ನು ಫರ್ಸ್ಟರ್ ಮತ್ತು ಸ್ಕಿನ್ನರ್ ಎಂಬ ಮನೋವಿಜ್ಞಾನಿಗಳು ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ 1957ರಲ್ಲೇ ಗ್ರಂಥರೂಪದಲ್ಲಿ ದಾಖಲಿಸಿದ್ದರು. ಅಪರೂಪದ ಖಡ್ಗಕ್ಕಾಗಿ ನೂರನೆಯ ಸಲ ಅದೇ ರಾಕ್ಷಸನನ್ನು ಹೊಡೆಯುವವನ ಸ್ಥಿತಿ ಅದಕ್ಕಿಂತ ಬಹಳ ಭಿನ್ನವಲ್ಲ.

ಬೇಸರವನ್ನು ಕೂಲಿಗೆ ಕೊಟ್ಟವರು

ಬೇಸರದ ಕೆಲಸವೆಂದ ಮೇಲೆ ಅದನ್ನು ಬೇರೆಯವರಿಂದ ಮಾಡಿಸಿಕೊಳ್ಳುವ ಉಳ್ಳವರೂ ಇರುತ್ತಾರೆ. 2001ರಲ್ಲಿ ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅರ್ಥಶಾಸ್ತ್ರಜ್ಞರು ‘ಎವರ್‌ಕ್ವೆಸ್ಟ್’ನ ಕಾಲ್ಪನಿಕ ನಾಡಿನ ಆರ್ಥಿಕತೆಯನ್ನು ಅಧ್ಯಯನ ಮಾಡಿದರು. ಆಟದೊಳಗಿನ ಸರಕುಗಳು ನಿಜವಾದ ಹಣಕ್ಕೆ ಹರಾಜಾಗುತ್ತಿದ್ದ ಬೆಲೆಯನ್ನು ಆಧರಿಸಿ, ಅಲ್ಲಿನ ಒಂದು ಗಂಟೆಯ ದುಡಿಮೆಗೆ ಸುಮಾರು 3.42 ಡಾಲರ್ ಬೆಲೆಯಿದೆ, ತಲಾ ಉತ್ಪನ್ನ ರಷ್ಯ ಮತ್ತು ಬಲ್ಗೇರಿಯಗಳ ನಡುವೆ ಬರುತ್ತದೆ ಎಂದು ಅವರು ಲೆಕ್ಕ ಹಾಕಿದರು.

ಈ ಲೆಕ್ಕದ ಇನ್ನೊಂದು ಮುಖ ಚೀನಾದಲ್ಲಿ ಕಾಣಿಸಿತು. ನಾನ್‌ಜಿಂಗ್ ನಗರದ ಇಂತಹ ಕಾರ್ಯಾಗಾರವೊಂದರ ಬಗ್ಗೆ ಪತ್ರಕರ್ತ ಜೂಲಿಯನ್ ಡಿಬೆಲ್ ಅವರು 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಝಿನ್‌ನಲ್ಲಿ ಬರೆದರು. ಅಲ್ಲಿ ಯುವಕರು ರಾತ್ರಿಯಿಡೀ 12 ಗಂಟೆ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಒಂದೇ ಬಗೆಯ ಶತ್ರುಗಳನ್ನು ಕೊಂದು ಚಿನ್ನದ ನಾಣ್ಯ ಸಂಗ್ರಹಿಸುತ್ತಿದ್ದರು. ತಿಂಗಳಿಗೆ ಎರಡೋ ಮೂರೋ ರಜೆ. ನೂರು ನಾಣ್ಯಕ್ಕೆ ಕೆಲಸಗಾರನಿಗೆ ಸಿಗುತ್ತಿದ್ದುದು ಸುಮಾರು 1.25 ಡಾಲರ್, ಅಂದರೆ ಗಂಟೆಗೆ 30 ಸೆಂಟ್. ಅದೇ ನೂರು ನಾಣ್ಯವನ್ನು ಪಶ್ಚಿಮದ ಗಿರಾಕಿ 20 ಡಾಲರ್‌ವರೆಗೂ ಕೊಟ್ಟು ಕೊಳ್ಳುತ್ತಿದ್ದ. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ರಿಚರ್ಡ್ ಹೀಕ್ಸ್ ಅವರು 2008ರಲ್ಲಿ ಮಾಡಿದ ಅಂದಾಜಿನಂತೆ ಇಂತಹ ದುಡಿಮೆಯಲ್ಲಿ ಸುಮಾರು ನಾಲ್ಕು ಲಕ್ಷ ಜನರಿದ್ದರು, ಸರಾಸರಿ ಸಂಪಾದನೆ ತಿಂಗಳಿಗೆ 145 ಡಾಲರ್. ಶ್ರಮ ಶಿಬಿರವೊಂದರಲ್ಲಿ ಹಗಲು ಕಲ್ಲು ಒಡೆದ ಕೈದಿಗಳಿಂದ ರಾತ್ರಿ ಬಲವಂತವಾಗಿ ಆಟ ಆಡಿಸಿ ನಾಣ್ಯ ಗಳಿಸಲಾಗುತ್ತಿತ್ತೆಂಬ ಮಾಜಿ ಕೈದಿಯೊಬ್ಬರ ಹೇಳಿಕೆಯನ್ನು ಗಾರ್ಡಿಯನ್ ಪತ್ರಿಕೆ 2011ರಲ್ಲಿ ಪ್ರಕಟಿಸಿತು. ಒಬ್ಬನಿಗೆ ಬೇಸರ ತರಿಸಿದ ಆಟ ಇನ್ನೊಬ್ಬನಿಗೆ ಕೂಲಿಯೂ, ಮತ್ತೊಬ್ಬನಿಗೆ ಶಿಕ್ಷೆಯೂ ಆದ ಬಗೆ ಇದು.

ಅಂಕಿ ಅದೇ, ಹೆಸರು ಬೇರೆ

2004ರ ನವೆಂಬರಿನಲ್ಲಿ ಬ್ಲಿಝರ್ಡ್ ಸಂಸ್ಥೆ ಬಿಡುಗಡೆ ಮಾಡಿದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 2010ರ ಅಕ್ಟೋಬರ್ ಹೊತ್ತಿಗೆ 1.2 ಕೋಟಿ ಚಂದಾದಾರರನ್ನು ಗಳಿಸಿತು. ಹಿಂದಿನ ಆಟಗಳ ಕಾಠಿಣ್ಯವನ್ನು ಅದು ತಗ್ಗಿಸಿತು. ಬರಿದೇ ಹತ್ತು ತೋಳ ಕೊಲ್ಲುವ ಬದಲು, ತೋಳಗಳಿಂದ ಕುರಿ ಕಳೆದುಕೊಂಡವನ ಕಥೆಯೊಂದನ್ನು ಮುಂದಿಟ್ಟು ಕೊಲ್ಲಿಸಿತು. ಅದು ಸಿದ್ಧವಾಗುತ್ತಿದ್ದಾಗಿನ ಒಂದು ಪ್ರಸಂಗ ಗಮನಾರ್ಹ. ಬಹಳ ಹೊತ್ತು ಆಡಿದವರಿಗೆ ಸಿಗುವ ಅಂಕ ಅರ್ಧಕ್ಕೆ ಇಳಿಯುವಂತೆ ಪರೀಕ್ಷಾ ಹಂತದಲ್ಲಿ ನಿಯಮವಿತ್ತು. ಆಟಗಾರರು ಸಿಟ್ಟಾದರು. ತಯಾರಕರು ಆ ಅರ್ಧವನ್ನೇ ‘ಸಾಮಾನ್ಯ’ ಎಂದು ಕರೆದು, ಹಿಂದಿನ ಪೂರ್ಣ ಅಂಕವನ್ನು ವಿಶ್ರಾಂತಿ ಪಡೆದು ಬಂದವನಿಗೆ ದುಪ್ಪಟ್ಟು ಬಹುಮಾನ ಎಂದು ಕರೆದರು. ಅಂಕಿ ಬದಲಾಗಲಿಲ್ಲ, ಆದರೆ ಸಿಟ್ಟು ಇಳಿಯಿತು. 2007ರಲ್ಲಿ ಅದೇ ಆಟಕ್ಕೆ ದಿನಕ್ಕೊಮ್ಮೆ ಮಾಡಬಹುದಾದ ಕೆಲಸಗಳು ಬಂದವು. ಇಂದು ಮಾಡಿದ್ದನ್ನೇ ನಾಳೆಯೂ ಮಾಡಬೇಕು. ಆಟ ದಿನಚರಿಯಾಯಿತು.

ಕಲಿಸುವವರು ಬದಲಾದರು

ಈ ನಡುವೆ ಟ್ಯುಟೋರಿಯಲ್ ಎಂಬ ಆರಂಭಿಕ ಪಾಠವೂ ಉದ್ದವಾಗುತ್ತಾ ಬಂತು. ‘ರೂನ್‌ಸ್ಕೇಪ್’ನಲ್ಲಿ ಅದಕ್ಕೆಂದೇ ಒಂದು ದ್ವೀಪವಿದೆ. ಮರ ಕಡಿಯುವುದು, ಬೆಂಕಿ ಹಚ್ಚುವುದು, ಸಿಗಡಿ ಹಿಡಿದು ಬೇಯಿಸುವುದು, ತವರ ಮತ್ತು ತಾಮ್ರ ಅಗೆದು ಕಂಚು ಮಾಡುವುದು, ಇಲಿ ಕೊಲ್ಲುವುದು ಎಲ್ಲವನ್ನೂ ಒಬ್ಬೊಬ್ಬ ಗುರುವಿನ ಬಳಿ ಸರದಿಯಂತೆ ಕಲಿಯಬೇಕು. ಉಚಿತ ಮೊಬೈಲ್ ಆಟಗಳ ಕಾಲದಲ್ಲಿ ಇದು ಇನ್ನಷ್ಟು ಬಿಗಿಯಾಯಿತು. ಕಾಸು ಕೊಡದೆ ಒಳಗೆ ಬಂದವನು ಅಷ್ಟೇ ಸುಲಭವಾಗಿ ಹೊರಗೂ ಹೋಗುತ್ತಾನೆ. ಆದ್ದರಿಂದ ಪರದೆಯನ್ನೆಲ್ಲ ಮಬ್ಬಾಗಿಸಿ, ಒಂದೇ ಗುಂಡಿಯನ್ನು ಬೆಳಗಿಸಿ, ಬಾಣದ ಗುರುತಿನಿಂದ ಅದನ್ನೇ ತೋರಿಸಲಾಗುತ್ತದೆ. ಬೇರೆಲ್ಲಿ ಮುಟ್ಟಿದರೂ ಪ್ರಯೋಜನವಿಲ್ಲ. ಆಟದ ಬುದ್ಧಿವಂತಿಕೆಗಿಂತ ಮೊದಲು ಅವನು ಕಲಿಯುವುದು ತೋರಿಸಿದ್ದನ್ನು ಒತ್ತುವ ವಿಧೇಯತೆಯನ್ನು. ತಯಾರಕರಿಗೂ ಇದರ ಭಾರ ತಿಳಿಯದ್ದಲ್ಲ. ಜಪಾನಿನ ‘ಫೈನಲ್ ಫ್ಯಾಂಟಸಿ 14’ ಆಟದ ಆರಂಭದ ಕಥಾಭಾಗ ತೀರಾ ಉದ್ದವೆಂಬ ದೂರು ಬಹುಕಾಲ ಇತ್ತು. 2020ರ ಆಗಸ್ಟಿನಲ್ಲಿ ಅಲ್ಲಿನ ಹಲವು ಕೆಲಸಗಳನ್ನು ಕಿತ್ತುಹಾಕಿ ಅದನ್ನು ಮೊಟಕುಗೊಳಿಸಲಾಯಿತು.

ಬೇಸರವನ್ನು ತೆಗೆಯುವುದಕ್ಕಿಂತ ಬೇಸರದಿಂದ ಬಿಡುಗಡೆಯನ್ನು ಮಾರುವುದು ಹೆಚ್ಚು ಲಾಭಕರ ಎಂಬುದೂ ಉದ್ಯಮಕ್ಕೆ ಗೊತ್ತಾಯಿತು. 2014ರಲ್ಲಿ ಬ್ಲಿಝರ್ಡ್ 60 ಡಾಲರ್ ತೆತ್ತವರ ಪಾತ್ರವನ್ನು ನೇರವಾಗಿ 90ನೇ ಮಟ್ಟಕ್ಕೆ ಏರಿಸಿಕೊಡತೊಡಗಿತು. ತಾನೇ ಉದ್ದ ಮಾಡಿದ ದಾರಿಗೆ ತಾನೇ ಅಡ್ಡದಾರಿ ಮಾರಿದಂತಾಯಿತು. 2002ರಲ್ಲಿ ಎರಿಕ್ ಫ್ರೆಡ್ರಿಕ್‌ಸನ್ ಎಂಬವರು ‘ಎವರ್‌ಕ್ವೆಸ್ಟ್’ನ ಅಣಕವಾಗಿ ‘ಪ್ರೋಗ್ರೆಸ್ ಕ್ವೆಸ್ಟ್’ ಎಂಬ ಆಟ ಮಾಡಿದ್ದರು. ಅದು ತನ್ನಷ್ಟಕ್ಕೆ ತಾನೇ ಆಡಿಕೊಳ್ಳುತ್ತದೆ, ಮನುಷ್ಯ ಸುಮ್ಮನೆ ನೋಡುತ್ತಾ ಕೂರಬೇಕು. ಅಂದು ಅದು ನಗೆಚಾಟಿಕೆ. 2016ರ ಡಿಸೆಂಬರಿನಲ್ಲಿ ಕೊರಿಯದ ನೆಟ್‌ಮಾರ್ಬಲ್ ಸಂಸ್ಥೆ ಬಿಡುಗಡೆ ಮಾಡಿದ ‘ಲಿನಿಯೇಜ್ 2: ರೆವಲ್ಯೂಷನ್’ನಲ್ಲಿ ಗುಂಡಿಯೊಂದನ್ನು ಒತ್ತಿದರೆ ಪಾತ್ರ ತಾನೇ ನಡೆದು, ತಾನೇ ಕಾದಾಡಿ ಅಂಕ ಗಳಿಸುತ್ತದೆ. ಮೊದಲ ತಿಂಗಳಲ್ಲೇ ಅದು 20,000 ಕೋಟಿ ವಾನ್‌ಗೂ ಹೆಚ್ಚು ಹಣ ತಂದಿತು. ನಗೆಚಾಟಿಕೆ ವ್ಯಾಪಾರವಾಗಲು ಹದಿನಾಲ್ಕು ವರ್ಷ ಸಾಕಾಯಿತು.

ಕಳೆದುಹೋದದ್ದು ಏನು?

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. 2013ರಲ್ಲಿ ‘ರೂನ್‌ಸ್ಕೇಪ್’ನ 2007ರ ಹಳೆಯ ರೂಪ ಮರಳಿ ಬೇಕೆಂದು ನಾಲ್ಕು ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು. 2019ರ ಆಗಸ್ಟಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಹಳೆಯ, ನಿಧಾನಗತಿಯ ರೂಪ ಮತ್ತೆ ತೆರೆದಾಗ ಒಳಗೆ ಹೋಗಲು ಜನ ಗಂಟೆಗಟ್ಟಲೆ ಸರದಿಯಲ್ಲಿ ಕಾದರು. ಅವರೇ ದೂರಿದ್ದ ಬೇಸರ ಅವರಿಗೇ ಏಕೆ ಬೇಕಾಯಿತು?

ಹಳೆಯ ಆಟಗಳಲ್ಲಿ ಕಾಯುವಾಗ ಪಕ್ಕದಲ್ಲಿ ಇನ್ನೊಬ್ಬನಿದ್ದ. ರಾಕ್ಷಸ ಬರುವವರೆಗೆ ಮಾತು, ಹಡಗು ಬರುವವರೆಗೆ ಪರಿಚಯ. ದಾರಿ ಗೊತ್ತಿಲ್ಲದವನು ಕೇಳಬೇಕಿತ್ತು, ಗೊತ್ತಿದ್ದವನು ಹೇಳಬೇಕಿತ್ತು. ಒಟ್ಟಿಗೆ ಬತ್ತ ಕುಟ್ಟುತ್ತಾ ಹಾಡಿದ ನಮ್ಮ ಹಿಂದಿನ ತಲೆಮಾರಿನ ಹೆಂಗಸರನ್ನು ಕೇಳಿದರೆ, ಒಂದೇ ಬಗೆಯ ಕೆಲಸವೂ ಜೊತೆ ಇದ್ದಾಗ ಭಾರವಾಗುವುದಿಲ್ಲ ಎಂಬುದನ್ನು ಅವರು ಹೇಳಿಯಾರು. ಬಾಣದ ಗುರುತು ಬಂದಾಗ ಕೇಳುವ ಅಗತ್ಯ ಹೋಯಿತು. ತಾನೇ ಆಡುವ ಗುಂಡಿ ಬಂದಾಗ ಜೊತೆಗಾರನ ಅಗತ್ಯವೂ ಹೋಯಿತು. ಎಣಿಕೆ ಮಾತ್ರ ಉಳಿಯಿತು.

ಸರಕಾರಗಳು ಕಂಡುಕೊಂಡ ಪರಿಹಾರವೂ ಎಣಿಕೆಯದೇ. ಚೀನಾ 2005ರಿಂದ 2007ರ ಅವಧಿಯಲ್ಲಿ ರೂಪಿಸಿ ಜಾರಿಗೆ ತಂದ ನಿಯಮದಂತೆ ಅಪ್ರಾಪ್ತ ವಯಸ್ಕರಿಗೆ ಮೂರು ಗಂಟೆಯ ನಂತರ ಆಟದ ಗಳಿಕೆ ಅರ್ಧ, ಐದು ಗಂಟೆಯ ನಂತರ ಸೊನ್ನೆ. 2021ರಲ್ಲಿ ಅವರ ಆಟವನ್ನು ಶುಕ್ರವಾರ, ಶನಿವಾರ, ಭಾನುವಾರಗಳ ಮತ್ತು ರಜಾದಿನಗಳ ರಾತ್ರಿ 8ರಿಂದ 9ರ ಒಂದು ಗಂಟೆಗೆ ಸೀಮಿತಗೊಳಿಸಲಾಯಿತು. ದಕ್ಷಿಣ ಕೊರಿಯ 16 ವರ್ಷದೊಳಗಿನವರಿಗೆ ಮಧ್ಯರಾತ್ರಿಯ ನಂತರ ಆಟ ನಿಷೇಧಿಸುವ ಕಾನೂನನ್ನು 2011ರಲ್ಲಿ ತಂದು, 2022ರ ಹೊತ್ತಿಗೆ ಕೈಬಿಟ್ಟಿತು. ಮನೆಗಳಲ್ಲಿಯೂ ನಮ್ಮ ಪ್ರಶ್ನೆ "ಎಷ್ಟು ಹೊತ್ತಿನಿಂದ ಆಡ್ತಾ ಇದ್ದೀಯಾ?" ಎಂಬಲ್ಲಿಗೆ ಮುಗಿಯುತ್ತದೆ. ಯಾರ ಜೊತೆ ಆಡುತ್ತಿದ್ದಾನೆ, ಆ ಹೊತ್ತಿನಿಂದ ಯಾರ ಜೇಬು ತುಂಬುತ್ತಿದೆ ಎಂದು ಕೇಳುವವರು ಕಡಿಮೆ.

ಪವಿತ್ರ ಕುರ್‌ಆನಿನ ಅತಿ ಚಿಕ್ಕ ಅಧ್ಯಾಯಗಳಲ್ಲೊಂದರ ಹೆಸರೇ ‘ಅಲ್ ಅಸ್ರ್’, ಕಾಲ ಎಂದರ್ಥ. ಅದು ಆರಂಭವಾಗುವುದು ಕಾಲದ ಮೇಲಿನ ಆಣೆಯಿಂದ, ಅದರ ಮುಂದಿನ ಮಾತು ಮನುಷ್ಯನ ನಷ್ಟದ ಕುರಿತಾದದ್ದು. ಆ ನಷ್ಟದಿಂದ ಪಾರಾಗುವವರನ್ನು ಹೇಳುವಾಗ ಅದು ಪರಸ್ಪರ ಉಪದೇಶಿಸುವವರ, ಅಂದರೆ ಇನ್ನೊಬ್ಬರ ಜೊತೆಗಿರುವವರ ಮಾತನ್ನೂ ಎತ್ತುತ್ತದೆ. ಆಟ ಮನುಷ್ಯನಿಗೆ ಬೇಕು, ಬಿಡುವೂ ಬೇಕು. ನಾನ್‌ಜಿಂಗ್‌ನ ಆ ಯುವಕರಲ್ಲಿ ಕೆಲವರು ಹನ್ನೆರಡು ಗಂಟೆಯ ದುಡಿಮೆ ಮುಗಿದ ಮೇಲೆ ಅಂತರ್ಜಾಲ ಕೇಂದ್ರಕ್ಕೆ ಹೋಗಿ, ತಮ್ಮದೇ ಪಾತ್ರ ಧರಿಸಿ ಅದೇ ಆಟವನ್ನು ಆಡುತ್ತಿದ್ದರೆಂದು ಡಿಬೆಲ್ ಬರೆದಿದ್ದಾರೆ. ಎರಡೂ ಕಡೆ ಪರದೆಯ ಮೇಲಿದ್ದುದು ಅದೇ ನಾಡು. ಬೇರೆಯಾಗಿದ್ದುದು, ಆ ಹೊತ್ತು ಯಾರದೆಂಬುದು ಮಾತ್ರ.