ಸಲಿಂಗ ವಿವಾಹದ ವ್ಯಾಜ್ಯ ಮತ್ತು ನಮ್ಮ ನಿಕಾಹ್: ಒಂದು ಚಾರಿತ್ರಿಕ ನೋಟ

2023ರ ಅಕ್ಟೋಬರ್ 17, ಮಂಗಳವಾರ. ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ನೀಡಲು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನಿರಾಕರಿಸಿದ ದಿನ. ಅಂದು ಸಂಜೆ ನಮ್ಮ ಮದ್ರಸದಲ್ಲಿ ಪೋಷಕರ ಸಭೆಯಿತ್ತು. ಮಕ್ಕಳ ಹಾಜರಾತಿ, ಪರೀಕ್ಷೆಯ ವಿಷಯವೆಲ್ಲ ಮುಗಿದ ಮೇಲೆ ಒಬ್ಬ ತಾಯಿ ಎದ್ದು ನಿಂತು, "ಉಸ್ತಾದರೇ, ಕೇಸು ಬೇರೆ ರೀತಿ ಆಗಿದ್ದರೆ ಅಂಥವರ ನಿಕಾಹ್ ಮಾಡಿಕೊಡಲು ಒಪ್ಪದ ಖಾಝಿಯವರನ್ನು ಜೈಲಿಗೆ ಹಾಕುತ್ತಿದ್ದರಂತೆ, ಹೌದೇ?" ಎಂದು ಕೇಳಿದರು. ಅವರ ಮೊಬೈಲಿಗೆ ಯಾರೋ ಹಾಗೆಂದು ಸಂದೇಶ ಕಳುಹಿಸಿದ್ದರು. "ಅಲ್ಲಾಹನು ಕಾಪಾಡಿದ, ಇನ್ನು ಚಿಂತೆಯಿಲ್ಲ" ಎಂದು ನಾನು ಉತ್ತರಿಸಿದೆ. ಸಭೆಯೂ ಸಮಾಧಾನದಿಂದ ಚದುರಿತು.

ನನ್ನ ಆ ಉತ್ತರ ಅಜ್ಞಾನದ್ದಾಗಿತ್ತು. ಆನಂತರ ತೀರ್ಪನ್ನೂ ಅದರ ಹಿಂದಿನ ಒಂದೂವರೆ ಶತಮಾನದ ಕಾನೂನಿನ ಚರಿತ್ರೆಯನ್ನೂ ಓದಿದಾಗ, ಆ ತಾಯಿಯ ಭಯಕ್ಕೆ ಆಧಾರವಿರಲಿಲ್ಲವೆಂದೂ ನನ್ನ ನಿಶ್ಚಿಂತೆಗೂ ಅಷ್ಟೇ ಆಧಾರವಿರಲಿಲ್ಲವೆಂದೂ ಅರಿವಾಯಿತು. ಈ ಲೇಖನ ಆ ಓದಿನ ಫಲ.

ಪುರುಷ ಮತ್ತು ಸ್ತ್ರೀಯ ನಡುವಿನ ಒಡಂಬಡಿಕೆಯೇ ನಿಕಾಹ್ ಎಂಬುದರಲ್ಲಿ ನಮ್ಮ ನಾಲ್ಕು ಮದ್ಹಬ್‌ಗಳಲ್ಲಿ ಎಲ್ಲಿಯೂ ಭಿನ್ನಾಭಿಪ್ರಾಯವಿಲ್ಲ. ಲೂತ್(ಅ)ರ ಜನತೆಯ ವೃತ್ತಾಂತವನ್ನು ನಮ್ಮ ಮಕ್ಕಳೂ ಬಲ್ಲರು. ಆದುದರಿಂದ ಹರಾಮೋ ಹಲಾಲೋ ಎಂಬ ಚರ್ಚೆ ಇಲ್ಲಿ ನನ್ನ ಉದ್ದೇಶವಲ್ಲ. ಮದುವೆಯ ಬಗ್ಗೆ ಈ ದೇಶದಲ್ಲಿ ಕಾನೂನು ಮಾಡುವವರು ಯಾರು, ಹೇಗೆ ಮಾಡಿದರು ಎಂಬುದಷ್ಟೇ ನನ್ನ ವಿಷಯ.

ಮೊದಲು ದಂಡ ಸಂಹಿತೆಯ 377ನೇ ಕಲಮಿನ ಮಾತನ್ನು ಮುಗಿಸಿಬಿಡೋಣ. ಅದು ನಮ್ಮ ಧರ್ಮದ ಕಾನೂನು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ವಾಸ್ತವದಲ್ಲಿ ಅದರ ಬೇರು 1533ರಲ್ಲಿ ಎಂಟನೇ ಹೆನ್ರಿಯ ಕಾಲದ ಇಂಗ್ಲೆಂಡಿನಲ್ಲಿದೆ. ಮೆಕಾಲೆಯ ಆಯೋಗ 1837ರಲ್ಲಿ ಕರಡು ಸಿದ್ಧಪಡಿಸಿದ ದಂಡ ಸಂಹಿತೆ 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದಿತು. ನಮ್ಮ ಕರ್ಮಶಾಸ್ತ್ರದ ದಾರಿ ಬೇರೆ. ಕರಾವಳಿಯ ನಾವು ಅನುಸರಿಸುವ ಶಾಫಿಈ ಮದ್ಹಬಿನಲ್ಲಿ ಆ ಕೃತ್ಯ ವ್ಯಭಿಚಾರದ ವಿಧಿಯ ಅಡಿಗೆ ಬರುತ್ತದೆ. ಇಮಾಂ ಅಬೂ ಹನೀಫಾ(ರ)ರವರು ಅದನ್ನು ಹದ್ದ್ ಎಂಬ ನಿಗದಿತ ಶಿಕ್ಷೆಯ ಅಪರಾಧವೆಂದು ಎಣಿಸದೆ ನ್ಯಾಯಾಧೀಶನ ವಿವೇಚನೆಗೆ, ಅಂದರೆ ತಅಝೀರ್‌ಗೆ ಬಿಟ್ಟರು. ಅವರ ಇಬ್ಬರು ಪ್ರಮುಖ ಶಿಷ್ಯರೇ ಇದನ್ನು ಒಪ್ಪಲಿಲ್ಲ. ವ್ಯಭಿಚಾರದ ಹದ್ದ್‌ಗೆ ನಾಲ್ವರು ಪ್ರತ್ಯಕ್ಷ ಸಾಕ್ಷಿಗಳು ಬೇಕು. ಅನ್ಯರ ಗುಟ್ಟನ್ನು ಹೊಂಚುಹಾಕಿ ಹುಡುಕುವುದನ್ನು ಸೂರಃ ಅಲ್ ಹುಜುರಾತ್ ನಿಷೇಧಿಸಿದೆ. 377ರ ಹೆಸರಿನಲ್ಲಿ ಬೆದರಿಸಿ ಹಣ ಕೀಳುತ್ತಿದ್ದ ವ್ಯವಸ್ಥೆಯನ್ನು ಶರೀಅತಿನ ಹೆಸರಿನಲ್ಲಿ ಸಮರ್ಥಿಸಲು ಹೊರಟವರು ಈ ಎರಡು ಸಂಗತಿಗಳನ್ನು ಮರೆತಿದ್ದರೆಂದು ನನ್ನ ಅನಿಸಿಕೆ. 2009ರ ಜುಲೈಯಲ್ಲಿ ದೆಹಲಿ ಹೈಕೋರ್ಟು ವಯಸ್ಕರ ಸಮ್ಮತಿಯ ಮಟ್ಟಿಗೆ ಆ ಕಲಮನ್ನು ರದ್ದುಗೊಳಿಸಿತು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಎತ್ತಿಹಿಡಿಯಿತು. ಅಂದು ಮೇಲ್ಮನವಿಯ ಕಡೆ ನಿಂತವರಲ್ಲಿ ನಮ್ಮ ಪರ್ಸನಲ್ ಲಾ ಬೋರ್ಡೂ ಇತ್ತು, ಕ್ರೈಸ್ತ ಸಂಘಟನೆಗಳೂ ಇದ್ದವು. 2018ರ ಸೆಪ್ಟೆಂಬರ್ 6ರಂದು ಐವರ ಪೀಠವು ಒಮ್ಮತದಿಂದ ಆ ಅಧ್ಯಾಯವನ್ನು ಮುಗಿಸಿತು.

ಇನ್ನು ಮದುವೆಯ ಚರಿತ್ರೆ. ಭಾರತದಲ್ಲಿ ಧರ್ಮದ ಹೊರಗಿನ ವಿವಾಹ ಕಾಯ್ದೆಯನ್ನು ಮೊದಲು ಬೇಡಿದವರು ನಾಸ್ತಿಕರಲ್ಲ. ದೇವಭಕ್ತರಾದ ಬ್ರಹ್ಮ ಸಮಾಜದವರು. ಕೇಶವಚಂದ್ರ ಸೇನರ ಅನುಯಾಯಿಗಳು ವಿಗ್ರಹಾರಾಧನೆಯ ವಿಧಿಗಳಿಲ್ಲದೆ ಮದುವೆಯಾಗುತ್ತಿದ್ದರು. ಅಂತಹ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲವಾದರೆ ಮಕ್ಕಳ ಹಕ್ಕಿನ ಗತಿಯೇನು ಎಂಬುದು ಅವರ ಅಳಲು. 1868ರಲ್ಲಿ ಗವರ್ನರ್ ಜನರಲರ ಮಂಡಳಿಯ ಕಾನೂನು ಸದಸ್ಯ ಹೆನ್ರಿ ಮೇನ್ ಇದಕ್ಕೊಂದು ವಿಶಾಲವಾದ ಮಸೂದೆ ತಂದರು. ಧಾರ್ಮಿಕ ವಿಧಿಯನ್ನು ಒಲ್ಲದ ಯಾವ ದೇಶೀಯನೂ ಅದರಡಿ ಮದುವೆಯಾಗಬಹುದಿತ್ತು. ಎಲ್ಲ ಕಡೆಯಿಂದ ವಿರೋಧ ಬಂತು. ಹಾಗಾದರೆ ಬ್ರಹ್ಮರಿಗೆ ಮಾತ್ರ ಅನ್ವಯವಾಗುವ ಕಾನೂನು ಮಾಡೋಣವೆಂದರೆ, ದೇವೇಂದ್ರನಾಥ ಠಾಕೂರರ ಆದಿ ಬ್ರಹ್ಮ ಸಮಾಜ ನಾವು ಹಿಂದೂಗಳೇ ಎಂದು ತಗಾದೆ ತೆಗೆಯಿತು. ಕೊನೆಗೆ ಸ್ಟೀಫನ್ ಎಂಬ ಅಧಿಕಾರಿಯ ಕೈಯಲ್ಲಿ 1872ರ ಮೂರನೇ ಕಾಯ್ದೆಯ ರೂಪ ಬಂದಾಗ ಅದಕ್ಕೊಂದು ವಿಚಿತ್ರ ಷರತ್ತು ಅಂಟಿಕೊಂಡಿತ್ತು. ವಧುವರರಿಬ್ಬರೂ ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯೆಹೂದಿ, ಬೌದ್ಧ, ಸಿಖ್ ಅಥವಾ ಜೈನ ಧರ್ಮದವರಲ್ಲವೆಂದು ಘೋಷಿಸಬೇಕು! ದೇವರನ್ನು ನಂಬಿದವರು ಯಾವ ಧರ್ಮವನ್ನೂ ನಂಬದವರೆಂದು ಸಹಿ ಹಾಕಬೇಕಾಯಿತು.

ಆ ಕಾಯ್ದೆ ವಧುವಿಗೆ ಕನಿಷ್ಠ 14, ವರನಿಗೆ 18 ವರ್ಷ ಎಂದು ನಿಗದಿಪಡಿಸಿತ್ತು. ಅದಕ್ಕಾಗಿ ಹೋರಾಡಿದ ಕೇಶವಚಂದ್ರ ಸೇನರೇ 1878ರಲ್ಲಿ ಆ ವಯಸ್ಸು ತುಂಬದ ತಮ್ಮ ಮಗಳನ್ನು, ಹಾಗೆಯೇ ವಯಸ್ಸು ತುಂಬದ ಕೂಚ್ ಬಿಹಾರದ ರಾಜಕುಮಾರನಿಗೆ ಕೊಟ್ಟರು. ಅವರ ಸಮಾಜ ಒಡೆದು ಸಾಧಾರಣ ಬ್ರಹ್ಮ ಸಮಾಜ ಹುಟ್ಟಿತು. ಕಾನೂನು ಬೇಡುವುದು ಸುಲಭ, ಅದು ಮನೆಯ ಹೊಸ್ತಿಲು ದಾಟಿ ಬಂದಾಗಲೇ ಕಷ್ಟ. ನಮ್ಮ ಸಮುದಾಯದಲ್ಲಿಯೂ ಇದಕ್ಕೆ ಉದಾಹರಣೆಗಳ ಕೊರತೆಯಿಲ್ಲ.

1923ರಲ್ಲಿ ಹರಿಸಿಂಗ್ ಗೌರ್ ಅವರ ಪ್ರಯತ್ನದಿಂದ ಹಿಂದೂ, ಬೌದ್ಧ, ಸಿಖ್, ಜೈನರಿಗೆ ಆ ನಿರಾಕರಣೆಯ ಘೋಷಣೆ ತಪ್ಪಿತು. ಎಲ್ಲರಿಗೂ ತಪ್ಪಿದ್ದು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ. ಅಂದರೆ ಮೇನ್ ಅವರ ಆಲೋಚನೆ ಕಾನೂನಾಗಲು 86 ವರ್ಷ ಹಿಡಿಯಿತು. ಈ ಕಾಯ್ದೆಯಡಿ ಮದುವೆಯಾದ ಮುಸ್ಲಿಮನ ಆಸ್ತಿ ಇಸ್ಲಾಮೀ ಪಾಲಿನಂತೆ ಹಂಚಿಕೆಯಾಗುವುದಿಲ್ಲ, ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹಂಚಿಕೆಯಾಗುತ್ತದೆ. ಇದು ದೂರದ ಮಾತಲ್ಲ. ಗಂಡುಮಕ್ಕಳಿಲ್ಲದ ಕಾಸರಗೋಡು ಜಿಲ್ಲೆಯ ಒಬ್ಬ ಮುಸ್ಲಿಂ ವಕೀಲರು ತಮ್ಮ ಸ್ವಂತ ಪತ್ನಿಯನ್ನೇ 2023ರ ಮಾರ್ಚ್ 8ರಂದು ಇದೇ ಕಾಯ್ದೆಯಡಿ ಪುನಃ ವಿವಾಹವಾದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ.

ಹಾಗಾದರೆ ನಮ್ಮ ನಿಕಾಹ್‌ಗೆ ಇಂದಿನ ನ್ಯಾಯಾಲಯದಲ್ಲಿ ಆಧಾರ ಯಾವುದು? 1937ರ ಶರೀಅತ್ ಅನ್ವಯ ಕಾಯ್ದೆ. ಅದಕ್ಕೆ ಮೊದಲು ಅನೇಕ ಪ್ರಾಂತಗಳಲ್ಲಿ ಮುಸ್ಲಿಮರಿಗೆ ಸ್ಥಳೀಯ ರೂಢಿಯೇ ಕಾನೂನಾಗಿತ್ತು. ಹೆಣ್ಣುಮಕ್ಕಳಿಗೆ ಆಸ್ತಿಯ ಪಾಲು ಸಿಗುತ್ತಿರಲಿಲ್ಲ. ಈ ಅನ್ಯಾಯ ಹೋಗಿ ಶರೀಅತ್ ಬರಬೇಕೆಂದು ಬ್ರಿಟಿಷರ ಕೇಂದ್ರ ಶಾಸನಸಭೆಯ ಬಾಗಿಲು ತಟ್ಟಲಾಯಿತು. ಆ ಬೇಡಿಕೆಯನ್ನು ಜಮ್‌ಇಯ್ಯತ್ ಉಲಮಾಯೆ ಹಿಂದ್ ಬೆಂಬಲಿಸಿತ್ತು. ಎರಡು ವರ್ಷಗಳ ಬಳಿಕ, ಕ್ರೂರಿ ಅಥವಾ ಪರಾರಿಯಾದ ಗಂಡನಿಂದ ಮುಸ್ಲಿಂ ಮಹಿಳೆಗೆ ಬಿಡುಗಡೆ ನೀಡುವ 1939ರ ಕಾಯ್ದೆಯೂ ಹಾಗೆಯೇ ಬಂತು. ಅದರ ಹಿಂದೆ ಮೌಲಾನಾ ಅಶ್ರಫ್ ಅಲೀ ಥಾನವಿ(ರ)ಯವರು ಹನಫೀ ವಿದ್ವಾಂಸರಾಗಿದ್ದೂ ಮಾಲಿಕೀ ಮದ್ಹಬಿನ ವಿಧಿಯನ್ನು ಸ್ವೀಕರಿಸಿ ನೀಡಿದ ಫತ್ವಾ ಇತ್ತು. ಹೊರಗಿನವರು ಹೇರಿದ ಕಾಯ್ದೆಗಳಲ್ಲ ಇವು. ಉಲಮಾಗಳ ಒಳ ಚರ್ಚೆ ಶಾಸನಸಭೆಯವರೆಗೆ ನಡೆದು ಹೋದ ಹಾದಿ. ಮದುವೆಯ ಕಾನೂನು ಶಾಸನಸಭೆಯಲ್ಲಿ ಹುಟ್ಟಬಹುದೆಂಬುದನ್ನು ಅಂದೇ ನಾವೂ ಒಪ್ಪಿದ್ದೆವೆಂಬುದು ಇದರ ಇನ್ನೊಂದು ಮುಖ.

ಈಗ 2023ಕ್ಕೆ ಬರೋಣ. ಹೈದರಾಬಾದಿನ ಜೋಡಿಯೊಂದು ಸೇರಿದಂತೆ ಇಬ್ಬರು ಜೋಡಿಗಳು 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹೈಕೋರ್ಟುಗಳಲ್ಲಿದ್ದ ಇಂಥವೇ ಅರ್ಜಿಗಳೂ ಅಲ್ಲಿಗೆ ಬಂದು ಸೇರಿದವು. ಏಪ್ರಿಲ್ 18ರಿಂದ ಮೇ 11ರವರೆಗೆ ಹತ್ತು ದಿನ ವಾದ ನಡೆಯಿತು. ಪೀಠದ ಅಧ್ಯಕ್ಷತೆ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರದು. ನಮ್ಮ ಭಯಕ್ಕೆ ಉತ್ತರವಾಗಬೇಕಾದ ಮಾತು ವಿಚಾರಣೆಯ ಆರಂಭದಲ್ಲಿಯೇ ಬಂದಿತ್ತು: ವೈಯಕ್ತಿಕ ಕಾನೂನುಗಳ ಗೊಡವೆಗೆ ತಾವು ಹೋಗುವುದಿಲ್ಲ, ಪ್ರಶ್ನೆ ವಿಶೇಷ ವಿವಾಹ ಕಾಯ್ದೆಗೆ ಸೀಮಿತವೆಂದು ಪೀಠ ಹೇಳಿತು. ನಿಕಾಹ್, ಖಾಝಿ, ವಲಿ, ಮಹ್ರ್ ಯಾವುದೂ ಆ ವ್ಯಾಜ್ಯದಲ್ಲಿರಲಿಲ್ಲ. ಯಾವುದೇ ಇಬ್ಬರು ವ್ಯಕ್ತಿಗಳು ಎಂದು ಆರಂಭವಾಗುವ ಆ ಕಾಯ್ದೆಯ ನಾಲ್ಕನೇ ಕಲಮು ಅರ್ಜಿದಾರರ ಆಸರೆಯಾಗಿತ್ತು. ಪುರುಷನಿಗೆ 21, ಸ್ತ್ರೀಗೆ 18 ಎನ್ನುವ ಅದೇ ಕಲಮಿನ ಮುಂದಿನ ಸಾಲು ಅವರಿಗೆ ಅಡ್ಡಿಯಾಗಿತ್ತು. ಆಸ್ಪತ್ರೆಯಲ್ಲಿ ಸಮ್ಮತಿಯ ಸಹಿ, ಪಿಂಚಣಿ, ಬ್ಯಾಂಕ್ ಖಾತೆಯ ನಾಮಿನಿ, ಮರಣದ ಬಳಿಕ ಶವ ಪಡೆಯುವ ಹಕ್ಕು ಇಂತಹ ದೈನಂದಿನ ಸಂಗತಿಗಳೇ ಅವರ ವಾದದ ಬಹುಪಾಲು. ಅವರ ಜೀವನಕ್ರಮವನ್ನು ಒಪ್ಪದ ನನಗೂ ಈ ಪಟ್ಟಿಯನ್ನು ಓದುವಾಗ ಮನಸ್ಸು ಭಾರವಾಯಿತೆಂದು ಹೇಳದಿದ್ದರೆ ಅದು ಅಪ್ರಾಮಾಣಿಕತೆಯಾದೀತು.

ಕೇಂದ್ರ ಸರಕಾರದ ಪರ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಅವರು ಮದುವೆಯ ವಿಷಯ ಸಂಸತ್ತಿನದೇ ಹೊರತು ನ್ಯಾಯಾಲಯದ್ದಲ್ಲ ಎಂದರು. ಮಾನ್ಯತೆ ನೀಡಿದರೆ ಸುಮಾರು 160 ವಿಧಿಗಳಿಗೆ ಧಕ್ಕೆಯಾಗುವುದೆಂದರು. ಪತಿ, ಪತ್ನಿ ಮತ್ತು ಮಕ್ಕಳ ಭಾರತೀಯ ಕುಟುಂಬದ ಕಲ್ಪನೆಗೆ ಇದು ಹೊಂದದೆಂದು ಸರಕಾರದ ಪ್ರಮಾಣಪತ್ರ ಹೇಳಿತ್ತು. ಜಮ್‌ಇಯ್ಯತ್ ಕೂಡ ವಿರೋಧಿಸಿ ಮಧ್ಯಪ್ರವೇಶದ ಅರ್ಜಿ ಹಾಕಿತ್ತು. ಇಂಥ ಬದಲಾವಣೆ ಸಮಾಜದ ಚರ್ಚೆಯಿಂದ, ಶಾಸನಸಭೆಯಿಂದ ಬರಬೇಕೆಂದು ಅದರ ವಕೀಲ ಕಪಿಲ್ ಸಿಬಲ್ ವಾದಿಸಿದರು. ಅನೇಕ ವಿಷಯಗಳಲ್ಲಿ ಎದುರುಬದುರಾಗಿರುವ ಸರಕಾರವೂ ಉಲಮಾಗಳೂ ಇಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದರು. ಕೇಂದ್ರವು ರಾಜ್ಯಗಳ ಅಭಿಪ್ರಾಯ ಕೇಳಿ ಪತ್ರ ಬರೆದಾಗ ಏಳು ರಾಜ್ಯಗಳಷ್ಟೇ ಉತ್ತರಿಸಿದವು. ರಾಜಸ್ಥಾನ, ಆಂಧ್ರ, ಅಸ್ಸಾಂ ವಿರೋಧಿಸಿದವು, ಉಳಿದ ನಾಲ್ಕು ಸಮಯ ಕೇಳಿದವು. ಆ ಏಳರಲ್ಲಿ ಕರ್ನಾಟಕ ಇರಲಿಲ್ಲ. ನಮ್ಮಲ್ಲಿ ಆಗ ಮೇ 10ರ ಚುನಾವಣೆಯ ಭರಾಟೆ.

ತೀರ್ಪಿನ ಸಾರ ಹೀಗಿದೆ. ಮದುವೆಯಾಗುವುದು ಸಂವಿಧಾನದ ಮೂಲಭೂತ ಹಕ್ಕಲ್ಲವೆಂಬುದರಲ್ಲಿ ಐವರೂ ಒಂದಾದರು. ವಿಶೇಷ ವಿವಾಹ ಕಾಯ್ದೆಯನ್ನು ತಿದ್ದಿ ಓದಲು ಐವರೂ ಒಪ್ಪಲಿಲ್ಲ. ಸಲಿಂಗ ಜೋಡಿಗಳ ಸಹಬಾಳ್ವೆಗೆ ಕಾನೂನಿನ ಮನ್ನಣೆ ಬೇಕೇ ಎಂಬಲ್ಲಿ ಮಾತ್ರ ಭಿನ್ನತೆ. ಚಂದ್ರಚೂಡ್ ಮತ್ತು ಸಂಜಯ್ ಕಿಶನ್ ಕೌಲ್ ಬೇಕೆಂದರು. ರವೀಂದ್ರ ಭಟ್, ಹಿಮಾ ಕೊಹ್ಲಿ ಮತ್ತು ಪಿ.ಎಸ್. ನರಸಿಂಹ ಅದು ನ್ಯಾಯಾಲಯದ ಕೆಲಸವಲ್ಲವೆಂದರು. ಬಹುಮತದ ಪ್ರಮುಖ ತೀರ್ಪನ್ನು ಬರೆದ ಭಟ್ಟರು ಮೈಸೂರಿನಲ್ಲಿ ಹುಟ್ಟಿದವರು. ಅದಾಗಿ ಮೂರು ದಿನಕ್ಕೆ ನಿವೃತ್ತರಾದರು. ಮದುವೆಯೆಂಬ ಸಂಸ್ಥೆ ಪ್ರಭುತ್ವಕ್ಕಿಂತ ಹಳೆಯದು, ಪ್ರಭುತ್ವ ಅದನ್ನು ಸೃಷ್ಟಿಸಿದ್ದಲ್ಲ ಎಂಬ ಅವರ ವಿಚಾರ ನಮಗೆ ಪ್ರಿಯವಾಗುವಂಥದು. ಲಿಂಗಪರಿವರ್ತಿತ ವ್ಯಕ್ತಿಗಳು ಗಂಡು ಹೆಣ್ಣಿನ ಸಂಬಂಧದಲ್ಲಿ ಈಗಿರುವ ಕಾನೂನುಗಳಡಿಯಲ್ಲೇ ಮದುವೆಯಾಗಬಹುದೆಂದು ಪೀಠ ಹೇಳಿದ್ದು ನಮ್ಮ ಸಂಭ್ರಮದಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಕ್ಯಾಬಿನೆಟ್ ಕಾರ್ಯದರ್ಶಿಯ ಸಮಿತಿ 2024ರ ಏಪ್ರಿಲಿನಲ್ಲಿ ರಚನೆಯಾಯಿತು. ಪಡಿತರ ಚೀಟಿ, ಜಂಟಿ ಖಾತೆಗಳ ಬಗ್ಗೆ ಅದೇ ವರ್ಷ ಸರಕಾರ ಸ್ಪಷ್ಟನೆ ನೀಡಿತು. ಪುನರ್ ಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾಗೊಂಡವು.

ನಾವು ಗೆದ್ದೆವೆಂದುಕೊಂಡ ವಾದ ಯಾವುದೆಂದು ಈಗ ಮತ್ತೊಮ್ಮೆ ನೋಡಬೇಕು. ಮದುವೆಯ ಕಾನೂನು ಏನಿರಬೇಕೆಂಬುದನ್ನು ಶಾಸನಸಭೆ ತೀರ್ಮಾನಿಸುತ್ತದೆ ಎಂಬುದೇ ಆ ವಾದ. ಮದುವೆ, ವಿಚ್ಛೇದನ, ವಾರಸುದಾರಿಕೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ಸಂಸತ್ತಿಗೂ ರಾಜ್ಯಗಳಿಗೂ ಅಧಿಕಾರವಿದೆ. 2019ರಲ್ಲಿ ಮೂರು ತಲಾಖನ್ನು ಜೈಲು ಶಿಕ್ಷೆಯ ಅಪರಾಧವಾಗಿಸಿದ್ದು ಸಂಸತ್ತೇ. ತೀರ್ಪು ಬಂದು ನಾಲ್ಕು ತಿಂಗಳು ತುಂಬುವ ಮೊದಲು, 2024ರ ಫೆಬ್ರವರಿ 7ರಂದು ಉತ್ತರಾಖಂಡದ ವಿಧಾನಸಭೆ ಸಮಾನ ನಾಗರಿಕ ಸಂಹಿತೆಯನ್ನು ಅಂಗೀಕರಿಸಿತು. 2025ರ ಜನವರಿ 27ರಿಂದ ಅದು ಜಾರಿಯಲ್ಲಿದೆ. ಅಲ್ಲಿಯೂ ಮದುವೆ ಗಂಡು ಹೆಣ್ಣಿನ ನಡುವೆಯೇ, ನಿಕಾಹ್‌ನ ವಿಧಿ ನಡೆಸಲೂ ಅಡ್ಡಿಯಿಲ್ಲ. ಆದರೆ ತಲಾಖ್, ಇದ್ದತ್, ಮೀರಾಸಿನ ಪಾಲು ಇವು ಯಾವುವೂ ಇನ್ನು ಅಲ್ಲಿನ ಮುಸ್ಲಿಮರಿಗೆ ಶರೀಅತಿನಂತೆ ಇಲ್ಲ. ಪರಿಶಿಷ್ಟ ಪಂಗಡಗಳಿಗೆ ಮಾತ್ರ ವಿನಾಯಿತಿ. 1937ರಲ್ಲಿ ಶಾಸನಸಭೆಯಿಂದ ಕೇಳಿ ಪಡೆದುದನ್ನು ಮತ್ತೊಂದು ಶಾಸನಸಭೆ ಒಂದು ರಾಜ್ಯದಲ್ಲಿ ಹಿಂತೆಗೆದುಕೊಂಡಿತು. ನನ್ನ ಧರ್ಮ ಅಪಾಯದಲ್ಲಿದೆಯೆಂದು ಅರ್ಜಿದಾರರ ಕಡೆ ಬೆರಳು ತೋರಿಸುತ್ತಿದ್ದಾಗ ನಾನು ನೋಡದೆ ಹೋದದ್ದು ಇದನ್ನೇ. ಅವರಲ್ಲಿ ಯಾರೂ ನಮ್ಮ ಮೀರಾಸನ್ನು ಮುಟ್ಟಲು ಬಂದಿರಲಿಲ್ಲ.

ಅಂದು ಪ್ರಶ್ನೆ ಕೇಳಿದ ತಾಯಿ ಮೊನ್ನೆ ಮಗಳ ನಿಕಾಹ್ ನಿಶ್ಚಯವಾದ ಸಂತೋಷ ತಿಳಿಸಲು ಬಂದಿದ್ದರು. ವರನ ಕಡೆಯವರು ಡೆಹ್ರಾಡೂನಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದಾರೆ, ಮದುವೆಯ ನಂತರ ವಾಸ ಅಲ್ಲಿಯೇ. ನಮ್ಮ ಜಮಾಅತಿನ ನಿಕಾಹ್ ಪುಸ್ತಕದ ದಾಖಲೆ ಅಲ್ಲಿ ಸಾಕಾಗುತ್ತದೆಯೇ ಎಂದು ಕೇಳಿದರು. ಸಾಲದು, ಅಲ್ಲಿ ಸರಕಾರಿ ನೋಂದಣಿ ಕಡ್ಡಾಯ ಎಂದೆ. ಮಹ್ರ್ ಎಷ್ಟು, ಸಾಕ್ಷಿಗಳು ಯಾರು ಎಂಬುದನ್ನು ಎರಡೂ ಕಡೆ ಒಂದೇ ರೀತಿ ಬರೆಸಬೇಕೆಂದು ಹೇಳಿ, ಬೇಕಾದ ದಾಖಲೆಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ.