ಚಾಕು ಯಾರದು, ಹೆಸರು ಯಾರದು?

ಅಡುಗೆಮನೆಯ ಚಾಕುವನ್ನು ಒಮ್ಮೆ ತಿರುಗಿಸಿ ನೋಡಿ. ಅಲಗಿನ ಮೇಲೆ ಯಾವುದೋ ಕಂಪನಿಯ ಹೆಸರಿರಬಹುದು. ಸಂತೆಯಲ್ಲಿ ಕೊಂಡ ಕುಡುಗೋಲಾದರೆ ಅದೂ ಇರುವುದಿಲ್ಲ. ಅದರ ಬೆನ್ನು ಇಷ್ಟು ಬಾಗಿರಬೇಕು, ಹಿಡಿ ಇಷ್ಟು ದಪ್ಪವಿರಬೇಕು ಎಂದು ಮೊದಲು ಲೆಕ್ಕ ಹಾಕಿದವರು ಯಾರು? ಕಾದಂಬರಿಗೆ ಕರ್ತೃವಿದ್ದಾನೆ, ಕೀರ್ತನೆಗೆ ಅಂಕಿತವಿದೆ. ಚಾಕುವಿಗೆ ಏನಿದೆ?

ಮೇಲ್ನೋಟಕ್ಕೆ ಇದು ಹುಡುಗಾಟದ ಪ್ರಶ್ನೆ. ಕಲ್ಲಿನ ಚೂರಿನಿಂದ ಕೊಯ್ಯುವುದನ್ನು ಮನುಷ್ಯಕುಲ ಕಲಿತು ಇಪ್ಪತ್ತೈದು ಲಕ್ಷ ವರ್ಷಗಳಿಗೂ ಹೆಚ್ಚಾಯಿತು. ಅಷ್ಟು ಹಳೆಯ ಸಲಕರಣೆಯಲ್ಲಿ ಹೊಸದೇನು ಉಳಿದೀತು? ಆದರೆ ಕೈಯಿಂದ ಚಾಕು ಮಾಡಿ ಬದುಕುವವರಿಗೆ ಇದು ಅನ್ನದ ಪ್ರಶ್ನೆ. ಒಬ್ಬ ಕಸಬುದಾರ ವರ್ಷಗಟ್ಟಲೆ ತಿದ್ದಿ ತೀಡಿದ ಆಕಾರವನ್ನು ಕಾರ್ಖಾನೆಯೊಂದು ಕೆಲವೇ ವಾರಗಳಲ್ಲಿ ನಕಲು ಮಾಡಿ ಅಗ್ಗದ ಬೆಲೆಗೆ ಮಾರಬಲ್ಲದು.

ಮುದ್ರೆಯ ಕಾವಲು

ಈ ಜಗಳ ಇಂದಿನದಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣ ಚಾಕು, ಕತ್ತರಿಗಳಿಗೆ ಹೆಸರಾದ ಊರು. 1624ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಅಲ್ಲಿನ ಕಸಬುದಾರರ ಸಂಘ ಸ್ಥಾಪನೆಯಾಯಿತು. ಸದಸ್ಯರ ಮುದ್ರೆಗಳನ್ನು ನೋಂದಾಯಿಸಿಕೊಂಡು ಕಾಯುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಜರ್ಮನಿಯ ಜೋಲಿಂಗೆನ್‌ನಲ್ಲಿಯೂ ಇದೇ ಪದ್ಧತಿಯಿತ್ತು. ಹೆಂಕೆಲ್ಸ್ ಮನೆತನದ ಜೋಡಿ ಮಕ್ಕಳ ಗುರುತು ನೋಂದಣಿಯಾದದ್ದು 1731ರಲ್ಲಿ. ಆ ಗುರುತು ಇಂದಿಗೂ ಬಳಕೆಯಲ್ಲಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಅಗ್ಗದ ಚಾಕುಗಳು ಶೆಫೀಲ್ಡ್‌ನ ಹೆಸರು ಹೊತ್ತು ಮಾರುಕಟ್ಟೆಗೆ ಬಂದಾಗ ಇಂಗ್ಲಿಷ್ ತಯಾರಕರು ಕೂಗೆಬ್ಬಿಸಿದರು. ಸುಳ್ಳು ಗುರುತು ಹೊತ್ತ ಸರಕಿಗೆ ತಡೆ ಹಾಕುವ ಕಾಯಿದೆ 1887ರಲ್ಲಿ ಬಂದಿತು. ‘ಮೇಡ್ ಇನ್ ಜರ್ಮನಿ’ ಎಂಬ ಮಾತು ಹುಟ್ಟಿಕೊಂಡದ್ದು ಹೀಗೆ.

ಇಲ್ಲೊಂದು ಸೂಕ್ಷ್ಮವಿದೆ. ಮುದ್ರೆ ಕಾಯುವುದು ‘ಮಾಡಿದವರು ಯಾರು’ ಎಂಬುದನ್ನು ಮಾತ್ರ. ‘ಹೀಗೆ ಮಾಡಬಹುದೆಂದು ಮೊದಲು ಕಂಡವರು ಯಾರು’ ಎಂಬುದನ್ನಲ್ಲ.

ಹಿಡಿದವನ ಹೆಸರು

ಅಮೆರಿಕದ ಬೌವಿ ಚಾಕುವಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1827ರಲ್ಲಿ ಮಿಸಿಸಿಪಿ ನದಿಯ ಮರಳುದಿಬ್ಬದ ಮೇಲೆ ನಡೆದ ಹೊಡೆದಾಟದಲ್ಲಿ ಜೇಮ್ಸ್ ಬೌವಿ ಎಂಬಾತ ದೊಡ್ಡ ಚಾಕುವೊಂದನ್ನು ಬೀಸಿ ಪ್ರಸಿದ್ಧನಾದ. 1836ರಲ್ಲಿ ಅಲಾಮೊ ಕೋಟೆಯ ಕಾಳಗದಲ್ಲಿ ಆತ ಮಡಿದ ಮೇಲೆ ಆ ಚಾಕು ದಂತಕಥೆಯೇ ಆಯಿತು. ಆದರೆ ಮೊದಲ ಚಾಕು ತನ್ನದೆಂದು ಅಣ್ಣ ರೆಜಿನ್ ಬೌವಿ 1838ರಲ್ಲಿ ಪತ್ರ ಬರೆದ. ರೆಜಿನ್‌ನ ತೋಟದಲ್ಲಿದ್ದ ಕಮ್ಮಾರನೇ ಅದನ್ನು ಬಡಿದದ್ದು ಎಂದರು ಕೆಲವರು. ಅರ್ಕನ್ಸಾದ ಕಮ್ಮಾರ ಜೇಮ್ಸ್ ಬ್ಲ್ಯಾಕ್‌ಗೆ ಆ ಗೌರವ ಸಲ್ಲಬೇಕೆಂದರು ಇನ್ನು ಕೆಲವರು. ವಿವಾದ ಇಂದಿಗೂ ಮುಗಿದಿಲ್ಲ. ಲಾಭ ಬಾಚಿಕೊಂಡದ್ದು ಮಾತ್ರ ಶೆಫೀಲ್ಡ್. ಅಮೆರಿಕದ ಗಿರಾಕಿಗಳಿಗಾಗಿ ಅದು ಬೌವಿ ಚಾಕುಗಳನ್ನು ರಾಶಿ ರಾಶಿಯಾಗಿ ತಯಾರಿಸಿ ಹಡಗೇರಿಸಿತು. ಮಾಡಿದವನ ಹೆಸರು ಮರೆಯಾಗಿ ಹಿಡಿದವನ ಹೆಸರು ಉಳಿಯಿತು.

ಒಂದು ಗುರುಪರಂಪರೆ

ಇಪ್ಪತ್ತನೆಯ ಶತಮಾನದಲ್ಲಿ ಅದೇ ಅಮೆರಿಕದಲ್ಲಿ ಬೇರೊಂದು ಸಂಪ್ರದಾಯ ಬೆಳೆಯಿತು. ಮಿಶಿಗನ್‌ನಲ್ಲಿ ವಿಲಿಯಂ ಸ್ಕೇಗಲ್ ಎಂಬ ಏಕಾಂಗಿ ಕುಶಲಕರ್ಮಿಯಿದ್ದ. ತೊಗಲಿನ ಬಿಲ್ಲೆಗಳನ್ನು ಒಂದರ ಹಿಂದೊಂದು ಪೋಣಿಸಿ, ತುದಿಗೆ ಜಿಂಕೆಯ ಕೊಂಬು ಸೇರಿಸಿದ ಹಿಡಿ ಆತನ ವೈಶಿಷ್ಟ್ಯ. 1930ರ ದಶಕದಲ್ಲಿ ಫ್ಲಾರಿಡಾದ ಬೋ ರ‍್ಯಾಂಡಲ್ ಎಂಬಾತ, ದೋಣಿಯ ಬಣ್ಣ ಕೆರೆದರೂ ಬಾಯಿ ಕೆಡದ ಚಾಕುವೊಂದನ್ನು ಕಂಡು ಬೆರಗಾದ. ಅದು ಸ್ಕೇಗಲ್‌ನದು. ಅದರಿಂದ ಸ್ಫೂರ್ತಿಗೊಂಡು ರ‍್ಯಾಂಡಲ್ ತಾನೇ ಚಾಕು ಮಾಡತೊಡಗಿದ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ಆತನ ಚಾಕುಗಳಿಗಾಗಿ ಮುಗಿಬಿದ್ದರು.

1953ರಲ್ಲಿ ಬಾಬ್ ಲವ್‌ಲೆಸ್ ಎಂಬ ನಾವಿಕ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ರ‍್ಯಾಂಡಲ್ ಚಾಕು ಕೇಳಿದ. ತಿಂಗಳುಗಟ್ಟಲೆ ಕಾಯಬೇಕೆಂದರು. ಆತ ಕಾಯಲಿಲ್ಲ, ಹಳೆಯ ಪ್ಯಾಕರ್ಡ್ ಕಾರಿನ ಸ್ಪ್ರಿಂಗಿನಿಂದ ತನ್ನದೇ ಚಾಕು ಮಾಡಿಕೊಂಡ. ಮುಂದೆ ಆತನ ಬೇಟೆಚಾಕು ಪ್ರಪಂಚಕ್ಕೇ ಮಾದರಿಯಾಯಿತು. ಬೆನ್ನು ಮೊನೆಯತ್ತ ಮೆಲ್ಲಗೆ ಇಳಿದಿರುವುದರಿಂದ ತೊಗಲು ಸುಲಿಯುವಾಗ ಒಳಗಿನ ಕರುಳಿಗೆ ಮೊನೆ ತಾಗುವುದು ಕಡಿಮೆ. ಹಿಡಿಯೊಳಗಿನ ಲೋಹ ಹಿಂದಕ್ಕೆ ಹೋದಂತೆ ತೆಳುವಾಗುವುದರಿಂದ ಕೈಗೆ ಭಾರವಿಲ್ಲ. 2010ರಲ್ಲಿ ಆತ ತೀರಿಕೊಳ್ಳುವ ಹೊತ್ತಿಗೆ ಈ ಆಕಾರವನ್ನು ಅನುಕರಿಸದ ದೇಶವೇ ಇರಲಿಲ್ಲವೆನ್ನಬೇಕು. ಆದರೆ ಪ್ರಾಮಾಣಿಕ ಕಸಬುದಾರರು ಅದನ್ನು ‘ಲವ್‌ಲೆಸ್ ಶೈಲಿ’ ಎಂದೇ ಕರೆದು ಮಾರುತ್ತಾರೆ. ಈ ಎರಡು ಪದಗಳಲ್ಲಿ ಋಣವೂ ಸಂದಿತು, ಗಿರಾಕಿಗೆ ನಿಜವೂ ತಿಳಿಯಿತು.

ಮೈಕೆಲ್ ವಾಕರ್‌ನ ಉದಾಹರಣೆ ಇನ್ನೂ ಸ್ವಾರಸ್ಯಕರ. ಮಡಿಚುವ ಚಾಕುವಿನ ಒಳಪಟ್ಟಿಯೇ ಬಾಗಿ ಬಂದು ಬಿಚ್ಚಿದ ಅಲಗಿಗೆ ಆನಿಕೆಯಾಗಿ ನಿಲ್ಲುವ ಬೀಗವನ್ನು ಆತ 1980ರ ದಶಕದ ಆರಂಭದಲ್ಲಿ ರೂಪಿಸಿದ. ಒಳಪಟ್ಟಿಯನ್ನು ಬೀಗವಾಗಿಸುವ ಮೂಲ ಕಲ್ಪನೆಗೆ 1906ರಲ್ಲಿಯೇ ಪೇಟೆಂಟ್ ದೊರೆತಿತ್ತು. ಹಾಗೆಂದು ವಾಕರ್‌ನ ಕೆಲಸ ಕಳ್ಳತನವೇ? ಅಲ್ಲ. ಹಳೆಯ ಬೀಗವನ್ನು ಒಂದೇ ಕೈಯಿಂದ ಬಿಚ್ಚಿ ಮಡಿಚುವಂತೆ ಸುಧಾರಿಸಿದವನು ಆತ. ಸ್ವಂತಿಕೆ ಎಂದರೆ ಶೂನ್ಯದಿಂದ ಸೃಷ್ಟಿಸುವುದಲ್ಲ, ಕೈಗೆ ಬಂದದ್ದಕ್ಕೆ ಒಂದು ಹೆಜ್ಜೆ ಕೂಡಿಸುವುದು.

ಕಾನೂನು ಮತ್ತು ಮರ್ಯಾದೆ

ಹಾಗಾದರೆ ಕಾನೂನು ಏನು ಮಾಡುತ್ತದೆ? ನಮ್ಮ ದೇಶದ 2000ದ ವಿನ್ಯಾಸ ಕಾಯಿದೆಯ ಪ್ರಕಾರ ಹೊಸ ವಿನ್ಯಾಸವನ್ನು ನೋಂದಾಯಿಸಿದರೆ 10 ವರ್ಷ, ಮತ್ತೆ ಅರ್ಜಿ ಹಾಕಿದರೆ ಇನ್ನೂ 5 ವರ್ಷ ರಕ್ಷಣೆಯುಂಟು. ಆದರೆ ಅದು ಕಣ್ಣಿಗೆ ಕಾಣುವ ರೂಪಕ್ಕೆ ಮಾತ್ರ. ಕೊಯ್ಯುವ ಕೆಲಸಕ್ಕಾಗಿಯೇ ಹುಟ್ಟಿದ ಬಾಗು ಅದರ ವ್ಯಾಪ್ತಿಗೆ ಬರುವುದು ಕಷ್ಟ. ಒಬ್ಬನೇ ಕುಳಿತು ದುಡಿಯುವ ಕಸಬುದಾರನಿಗೆ ಕೋರ್ಟು ಕಚೇರಿ ಅಲೆಯುವ ತ್ರಾಣವೂ ಇರುವುದಿಲ್ಲ. ಆದ್ದರಿಂದ ಕೊನೆಗೆ ಉಳಿಯುವುದು ಕಸಬಿನ ಮರ್ಯಾದೆ: ಕಲಿಯಲು ನಕಲು ಮಾಡು, ಮಾರುವಾಗ ಮೂಲದವನ ಹೆಸರು ಹೇಳು, ಆತ ಬದುಕಿದ್ದರೆ ಒಂದು ಮಾತು ಕೇಳು.

ನಮ್ಮವರ ಋಣ

ಈ ಮಾತು ನಮಗೇಕೆ ಎನ್ನುವವರು ಒಂದು ಪದವನ್ನು ನೆನೆಯಬೇಕು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ, ಮುಂಬಯಿಯಿಂದ ಬಂದ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದ. ಅದರಲ್ಲಿ ಆ ಉಕ್ಕಿನ ಹೆಸರು ‘ವುಟ್ಜ್’. ನಮ್ಮ ‘ಉಕ್ಕು’ ಪದವೇ ಹೀಗೆ ರೂಪಾಂತರಗೊಂಡಿತೆಂಬುದು ವಿದ್ವಾಂಸರಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯ. ದಕ್ಷಿಣ ಭಾರತದ ಕಮ್ಮಾರರು ಮಣ್ಣಿನ ಮೂಸೆಗಳಲ್ಲಿ ಕಬ್ಬಿಣಕ್ಕೆ ಸೌದೆ, ಸೊಪ್ಪು ಸೇರಿಸಿ ಕಾಯಿಸಿ ತೆಗೆದ ಈ ಉಕ್ಕು ಪರ್ಷಿಯಾ, ಅರಬ್ ದೇಶಗಳಿಗೆ ಹೋಗಿ ಅಲೆಯಲೆಯಾದ ಗೆರೆಗಳ ಕತ್ತಿಯಾಗುತ್ತಿತ್ತು. ಜಗತ್ತು ಅದಕ್ಕೆ ‘ಡಮಾಸ್ಕಸ್’ ಎಂದು ಹೆಸರಿಟ್ಟಿತು. ಇಸ್ಫಹಾನಿನ ಅಸದುಲ್ಲಾ ಎಂಬ ಕಮ್ಮಾರನ ಹೆಸರು ಕೆತ್ತಿದ ಕತ್ತಿಗಳು ಎಷ್ಟಿವೆಯೆಂದರೆ, ಒಬ್ಬನ ಆಯುಷ್ಯದಲ್ಲಿ ಅಷ್ಟನ್ನೂ ಮಾಡಲು ಸಾಧ್ಯವೇ ಇಲ್ಲ. ಹೆಸರೂ ನಕಲಾಗಿತ್ತು!

ಅಲಗು ಬಡಿದವನ ಹೆಸರಾದರೂ ಹೀಗೆ ಉಳಿಯಿತು. ಮೂಸೆಯ ಮುಂದೆ ತಿದಿಯೊತ್ತಿ ಬೆವರು ಸುರಿಸಿದ ನಮ್ಮ ಕಮ್ಮಾರನ ಹೆಸರು ಆ ಅಲಗಿನ ಮೇಲೆ ಬರಲಿಲ್ಲ. ಆತನ ಭಾಷೆಯ ಒಂದು ಪದ ಮಾತ್ರ, ಅದೂ ಉಚ್ಚಾರ ಕೆಟ್ಟು, ಪರದೇಶದ ಪುಸ್ತಕಗಳಲ್ಲಿ ನಿಂತಿತು. ಹೆಸರು ಹೇಳುವುದು ಖರ್ಚಿಲ್ಲದ ಕೆಲಸ. ಹೇಳದೆ ಬಿಟ್ಟರೆ ಆಗುವ ನಷ್ಟವನ್ನು ನಾವು ಬೇರೆಯವರಿಂದ ಕಲಿಯಬೇಕಾಗಿಲ್ಲ.