ಅಂಗಡಿಯಿಲ್ಲದ ಪೇಟೆ

ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಹಿಂದೊಮ್ಮೆ ನಾನು ಚಹಾ ಕುಡಿದದ್ದು ಕಲ್ಲುಮಂಟಪದೊಳಗೆ. ಗೋಪುರದಿಂದ ಎದುರು ಬಸವಣ್ಣನವರೆಗೆ ತೇರುಬೀದಿಯ ಇಕ್ಕೆಲದಲ್ಲೂ ಅಂಥ ಮಂಟಪಗಳು. ಪೂರ್ವದ ಕಡೆ ಕೆಲವು ಎರಡಂತಸ್ತಿನವು. ಕಂಬಗಳ ನಡುವೆ ಇಟ್ಟಿಗೆ ಗೋಡೆ, ಮುಂದೆ ತಗಡಿನ ಚಪ್ಪರ, ಒಳಗೆ ಒಲೆ. ಕಲ್ಲಿಗೆ ಮಸಿ ಹಿಡಿದಿತ್ತು, ನಿಜ. ಹಂಪಿ 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿತ್ತು. ಮಂಟಪದ ಬದುಕು ಒತ್ತುವರಿ ಎನಿಸಿಕೊಂಡಿತು. 2011ರ ಜುಲೈನಲ್ಲಿ ಅಂಗಡಿ, ಮನೆಗಳನ್ನು ಕೆಡವಿದರು. ಹಲವರಿಗೆ ಕಡ್ಡಿರಾಂಪುರದಲ್ಲಿ ನಿವೇಶನ ತೋರಿಸಿದರು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಪೇಟೆಗಳ ಬಗ್ಗೆ ಬರೆದಾಗ ವಜ್ರ, ಮಾಣಿಕ್ಯ, ಬಟ್ಟೆಗಳ ವ್ಯಾಪಾರವನ್ನೂ ಬರೆದ. ರಕ್ಷಣೆ ಬೇಕಿತ್ತು, ಆದರೆ ವ್ಯಾಪಾರವನ್ನೇ ಹೊರಹಾಕಿ ಉಳಿಸಿದ್ದು ಪೇಟೆಯನ್ನೇ ಎಂಬುದು ನನಗಿನ್ನೂ ಅನುಮಾನ. ಕಳೆದ ಸಲ ಹೋದಾಗ ಚಹಾದಂಗಡಿಯ ಮಂಟಪ ಹುಡುಕಿದೆ. ಒಂದು ಕಂಬದ ಮೇಲೆ ಮಸಿ ಹಾಗೇ ಇತ್ತು.